ಬಿ.ಎಸ್ಸಿ. ಬಿ.ಇಡಿ. ನಂತರ ಗಣಕ ವಿಜ್ಞಾನದ ಸ್ನಾತಕೋತ್ತರ ಓದು: ಅರ್ಹತೆ, ಅರ್ಜಿ, ಕಾಗದಪತ್ರ

ಯಾದಗಿರಿ, ಶಹಾಪುರ, ಸುರಪುರ ಭಾಗದ ಪ್ರೌಢಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋದ ಪ್ರಶಿಕ್ಷಣಾರ್ಥಿಗಳನ್ನು ಮಕ್ಕಳು ಪಾಠದ ಸಂದೇಹಕ್ಕಿಂತ ಹೆಚ್ಚಾಗಿ ಮುಂದಿನ ಓದಿನ ಬಗ್ಗೆಯೇ ಕೇಳುತ್ತಾರೆ. ಅದರಲ್ಲೂ ಗಣಿತದ ಅವಧಿ ಮುಗಿದ ಮೇಲೆ ಬರುವ ಪ್ರಶ್ನೆ ಒಂದೇ: "ಸರ, ಬಿಎಸ್ಸಿ ಓದಿದವ್ರು ಕಂಪ್ಯೂಟರ್ ಕಡಿ ಹೋಗ್ಲಾಕ ಬರ್ತದೇನ್ರಿ?" ನಾಲ್ಕನೇ ವರ್ಷದ ಪ್ರಶಿಕ್ಷಣಾರ್ಥಿಗಳೂ ತಮ್ಮ ಸಲುವಾಗಿ ಇದೇ ಪ್ರಶ್ನೆಯನ್ನು ಉಪನ್ಯಾಸಕರ ಮುಂದೆ ಇಡುತ್ತಾರೆ. ಬರುತ್ತದೆ ಎಂಬುದು ಉತ್ತರ. ಆದರೆ ಯಾವ ಬಾಗಿಲಿನಿಂದ, ಯಾವ ಕಾಗದ ಹಿಡಿದು, ಯಾವ ತಿಂಗಳಲ್ಲಿ ಎಂಬುದು ಗೊತ್ತಿರದೆ ಒಂದು ವರ್ಷ ಕಳೆದುಕೊಳ್ಳುವವರು ಬಹಳ. ಬೆಂಗಳೂರಿನ ವಿದ್ಯಾರ್ಥಿಗೆ ಇದೆಲ್ಲ ಹಾಸ್ಟೆಲಿನ ಮಾತುಕತೆಯಲ್ಲೇ ಸಿಗುತ್ತದೆ. ನಮ್ಮಲ್ಲಿ ಅದನ್ನು ಹೇಳಬೇಕಾದವರು ಶಿಕ್ಷಕರೇ. ಆದ್ದರಿಂದ ಈ ವಿಷಯವನ್ನು ಬೋಧನಾಭ್ಯಾಸದ ಪತ್ರಿಕೆಯಲ್ಲಿ ಬರೆಯುವುದು ಸೂಕ್ತವೆನಿಸಿತು.

ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮ ಊರುಗಳಲ್ಲಿ 'ಕಂಪ್ಯೂಟರ್ ಕೋರ್ಸ್' ಎಂದರೆ ಬಸ್ ನಿಲ್ದಾಣದ ಹತ್ತಿರದ ಕೇಂದ್ರದಲ್ಲಿ ಕಲಿಸುವ ಟೈಪಿಂಗ್, ಡಿ.ಟಿ.ಪಿ., ಟ್ಯಾಲಿ. ಅವು ಉಪಯುಕ್ತ ಕಸುಬುಗಳು, ಆದರೆ ಗಣಕ ವಿಜ್ಞಾನ ಬೇರೆ. ಅದನ್ನು ಪ್ರೌಢಶಾಲೆಯ ಗಣಿತದಿಂದಲೇ ತೋರಿಸಬಹುದು. 252 ಮತ್ತು 105ರ ಮಹತ್ತಮ ಸಾಮಾನ್ಯ ಅಪವರ್ತನ ಬೇಕು ಎನ್ನಿ. ಮಕ್ಕಳು ಎರಡೂ ಸಂಖ್ಯೆಗಳ ಅಪವರ್ತನಗಳನ್ನು ಪಟ್ಟಿ ಮಾಡುತ್ತಾರೆ. ಯೂಕ್ಲಿಡ್‌ನ ವಿಧಾನದಲ್ಲಿ ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಶೇಷ 42. ಆಮೇಲೆ 105ನ್ನು 42ರಿಂದ ಭಾಗಿಸಿದರೆ ಶೇಷ 21. 42ನ್ನು 21ರಿಂದ ಭಾಗಿಸಿದರೆ ಶೇಷ ಸೊನ್ನೆ. ಮೂರೇ ಹೆಜ್ಜೆಗೆ ಉತ್ತರ 21. ಸಂಖ್ಯೆಗಳು ಚಿಕ್ಕವಿರುವಾಗ ಎರಡು ವಿಧಾನಗಳ ನಡುವೆ ಹೇಳಿಕೊಳ್ಳುವ ಅಂತರವಿಲ್ಲ. ಹತ್ತು ಅಂಕಿಗಳ ಎರಡು ಸಂಖ್ಯೆ ಕೊಟ್ಟರೆ? ಒಂದೊಂದೇ ಭಾಜಕವನ್ನು ಪರೀಕ್ಷಿಸುತ್ತ ಹೋದರೆ ನೂರಾರು ಕೋಟಿ ಹೆಜ್ಜೆ ಬೇಕಾಗಬಹುದು. ಯೂಕ್ಲಿಡ್‌ನ ವಿಧಾನಕ್ಕೆ ಹೆಚ್ಚೆಂದರೆ 50 ಭಾಗಾಕಾರ. ಚಿಕ್ಕ ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆಯೋ ಅದರ ಐದು ಪಟ್ಟಿಗಿಂತ ಹೆಚ್ಚು ಹೆಜ್ಜೆ ಬೇಕಿಲ್ಲ ಎಂದು ಫ್ರಾನ್ಸಿನ ಗೇಬ್ರಿಯಲ್ ಲಾಮೆ 1844ರಲ್ಲಿ ಸಾಧಿಸಿ ತೋರಿಸಿದ್ದಾರೆ. ಆಗ ಈಗಿನಂಥ ಕಂಪ್ಯೂಟರ್ ಇರಲಿಲ್ಲ. ಒಂದು ಕೆಲಸಕ್ಕೆ ಎಷ್ಟು ಹೆಜ್ಜೆ ಬೇಕು, ಇನ್ನೂ ಕಡಿಮೆಯಲ್ಲಿ ಆಗುತ್ತದೆಯೇ, ಆಗುವುದಿಲ್ಲವೆಂದು ಸಾಧಿಸಬಹುದೇ ಎಂಬ ಪ್ರಶ್ನೆಗಳೇ ಈ ಶಾಸ್ತ್ರದ ಬೇರು. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಇದಕ್ಕೆ ಹೊರಗಿನವರಲ್ಲ. ಮ್ಯಾಟ್ರಿಕ್ಸ್, ಸಂಖ್ಯಾತ್ಮಕ ವಿಧಾನಗಳು, ಸಂಭವನೀಯತೆ ಎಲ್ಲವೂ ಅಲ್ಲಿ ಬೇಕಾಗುತ್ತವೆ.

ಇನ್ನು ಬಾಗಿಲುಗಳ ವಿಚಾರ. ಎಂ.ಎಸ್ಸಿ. ಗಣಕ ವಿಜ್ಞಾನ ಮತ್ತು ಎಂ.ಸಿ.ಎ. ಒಂದೇ ಎಂದು ತಿಳಿದು ಅರ್ಜಿ ಹಾಕುವವರಿದ್ದಾರೆ. ಎರಡೂ ಈಗ ಎರಡು ವರ್ಷದ ಪದವಿಗಳೇ. ಎಂ.ಸಿ.ಎ. ಮೊದಲು ಮೂರು ವರ್ಷ ಇತ್ತು, 2020-21ರಿಂದ ಎರಡಾಯಿತು. ವ್ಯತ್ಯಾಸ ಇರುವುದು ಅರ್ಹತೆಯಲ್ಲಿ. ಎಂ.ಎಸ್ಸಿ.ಗೆ ಸಾಮಾನ್ಯವಾಗಿ ಪದವಿಯಲ್ಲಿ ಗಣಕ ವಿಜ್ಞಾನವನ್ನೇ ಒಂದು ವಿಷಯವಾಗಿ ಓದಿರಬೇಕು, ಇಲ್ಲವೇ ಬಿ.ಸಿ.ಎ. ಆಗಿರಬೇಕು. ಎಂ.ಸಿ.ಎ.ಗೆ ಹಾಗಿಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ನಿಯಮದಂತೆ ಯಾವುದೇ ಬಿ.ಎಸ್ಸಿ., ಬಿ.ಕಾಂ., ಬಿ.ಎ. ಆಗಿದ್ದರೂ ಪಿ.ಯು.ಸಿ.ಯಲ್ಲಿ ಅಥವಾ ಪದವಿಯಲ್ಲಿ ಗಣಿತ ಓದಿ, ಒಟ್ಟು ಶೇ. 50 ಅಂಕ ಪಡೆದಿದ್ದರೆ ಸಾಕು; ಮೀಸಲಾತಿ ವರ್ಗಗಳಿಗೆ ಶೇ. 45. ಗಣಕ ವಿಜ್ಞಾನ ಓದದೆ ಬಂದವರಿಗೆ ವಿಶ್ವವಿದ್ಯಾಲಯ ಕೆಲವು ಸೇತುಬಂಧ ವಿಷಯಗಳನ್ನು ಹೆಚ್ಚುವರಿಯಾಗಿ ಓದಿಸುತ್ತದೆ. ಶಾಲೆ ಆರಂಭದ ದಿನಗಳಲ್ಲಿ ನಾವು ಮಾಡಿಸುವ ಸೇತುಬಂಧದ ಹಾಗೆಯೇ ಅದು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಬಿ.ಎಸ್ಸಿ. ಬಿ.ಇಡಿ. ಪ್ರಶಿಕ್ಷಣಾರ್ಥಿಗೆ ಎಂ.ಸಿ.ಎ.ಯೇ ನೇರ ಬಾಗಿಲು ಎಂದು ನನ್ನ ಅಭಿಪ್ರಾಯ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರು ತಮ್ಮ ಪಿ.ಯು.ಸಿ. ಅಂಕಪಟ್ಟಿಯನ್ನು ಒಮ್ಮೆ ತೆಗೆದು ನೋಡಬೇಕು. ಅಲ್ಲಿ ಗಣಿತವಿದ್ದರೆ ಬಾಗಿಲು ತೆರೆದೇ ಇದೆ.

ಈ ಎಂ.ಸಿ.ಎ.ಗೆ ನಮ್ಮ ರಾಜ್ಯದಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆ.ಇ.ಎ., ನಡೆಸುವ ಪಿ.ಜಿ. ಸಿ.ಇ.ಟಿ. ಬರೆಯಬೇಕು. ಕಲಬುರಗಿಯ ವಿ.ಟಿ.ಯು. ಕೇಂದ್ರದಿಂದ ಹಿಡಿದು ಬೆಂಗಳೂರಿನ ಕಾಲೇಜುಗಳವರೆಗೆ ಸರ್ಕಾರಿ ಕೋಟಾದ ಸೀಟುಗಳು ಹಂಚಿಕೆಯಾಗುವುದು ಇದರ ರ‍್ಯಾಂಕಿನ ಮೇಲೆ. ಗುಲಬರ್ಗಾ ವಿಶ್ವವಿದ್ಯಾಲಯ 1980ರಿಂದ ಇದೆ. ರಾಯಚೂರಿನಲ್ಲಿ ಹೊಸ ವಿಶ್ವವಿದ್ಯಾಲಯವಾದ ಮೇಲೆ ನಮ್ಮ ಜಿಲ್ಲೆಯ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದಿವೆ. ರಾಜ್ಯದ ವಿಶ್ವವಿದ್ಯಾಲಯಗಳ ಎಂ.ಎಸ್ಸಿ. ಅರ್ಜಿಗಳು ಯು.ಯು.ಸಿ.ಎಂ.ಎಸ್. ಮೂಲಕ ಹೋಗುತ್ತವೆ. ನಾವು ಸೆಮಿಸ್ಟರ್ ಪರೀಕ್ಷಾ ಶುಲ್ಕ ಕಟ್ಟುವ ಅದೇ ವ್ಯವಸ್ಥೆ, ಹಾಗಾಗಿ ಅದರ ಪಾಸ್‌ವರ್ಡ್ ಅಂತಿಮ ವರ್ಷ ಮುಗಿದ ಕೂಡಲೇ ಮರೆಯಬಾರದು.

ಕೇಂದ್ರದ ಕಡೆಯಿಂದ ಎರಡು ದಾರಿಗಳಿವೆ. ಆಳಂದ ತಾಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಆರಂಭವಾಯಿತು. ಅಲ್ಲಿನ ಸ್ನಾತಕೋತ್ತರ ಪ್ರವೇಶಕ್ಕೆ ಸಿ.ಯು.ಇ.ಟಿ. ಪಿ.ಜಿ. ಬರೆಯಬೇಕು. ಈ ಪರೀಕ್ಷೆ 2022ರಲ್ಲಿ ಶುರುವಾಯಿತು. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತವೆ, ಕನ್ನಡದಲ್ಲಿರುವುದಿಲ್ಲ. ಎರಡನೆಯದು ನಿಮ್ಸೆಟ್. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಸೇರಿದಂತೆ ದೇಶದ ಹಲವು ಎನ್.ಐ.ಟಿ.ಗಳಲ್ಲಿ ಎಂ.ಸಿ.ಎ. ಸೀಟು ಸಿಗುವುದು ಇದರಿಂದ. ಪದವಿಯಲ್ಲಿ ಗಣಿತ ಅಥವಾ ಸಂಖ್ಯಾಶಾಸ್ತ್ರ ಇದ್ದು ಶೇ. 60 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 55.

ನಿಮ್ಸೆಟ್ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ನಮ್ಮ ಭಾಗದಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ, ಆದರೆ ಗಣಿತ ಶಿಕ್ಷಕರಾಗಲು ಹೊರಟವರಿಗೆ ಇದರಷ್ಟು ಒಗ್ಗುವ ಪರೀಕ್ಷೆ ಇನ್ನೊಂದಿಲ್ಲ. ಒಟ್ಟು 120 ಪ್ರಶ್ನೆ, 1000 ಅಂಕ. ಅದರಲ್ಲಿ ಗಣಿತದ 50 ಪ್ರಶ್ನೆಗಳಿಗೇ 600 ಅಂಕ. ತಾರ್ಕಿಕ ವಿಶ್ಲೇಷಣೆಗೆ 240. ಕಂಪ್ಯೂಟರ್ ಪರಿಚಯಕ್ಕೆ ಬರೀ 120, ಇಂಗ್ಲಿಷಿಗೆ 40. ಅಂದರೆ ಕಂಪ್ಯೂಟರ್ ಓದದೆ ಬಂದವನು ಹಿಂದೆ ಬೀಳುವುದು ಸಾವಿರಕ್ಕೆ 120ರ ಭಾಗದಲ್ಲಿ ಮಾತ್ರ. ಗಣಗಳು, ಸಂಭವನೀಯತೆ, ಶ್ರೇಢಿ, ನಿರ್ದೇಶಾಂಕ ರೇಖಾಗಣಿತ, ತ್ರಿಕೋನಮಿತಿ, ಕಲನಶಾಸ್ತ್ರ, ಸದಿಶಗಳು ಪಠ್ಯದಲ್ಲಿವೆ. ಇವುಗಳಲ್ಲಿ ಕೆಲವನ್ನು ನಾವು ಹತ್ತನೇ ತರಗತಿಗೆ ಪಾಠಯೋಜನೆ ಬರೆದು, ಮಕ್ಕಳ ಮುಂದೆ ನಿಂತು ಕಲಿಸುತ್ತಿದ್ದೇವೆ. ಸಂಭವನೀಯತೆಯ ಘಟಕಕ್ಕೆ ಪಾಠಯೋಜನೆ ಬರೆಯುವಾಗಲೇ ಆ ಘಟಕದ ಹತ್ತು ನಿಮ್ಸೆಟ್ ಪ್ರಶ್ನೆ ಬಿಡಿಸಿದರೆ ಎರಡು ಕೆಲಸ ಒಂದರಲ್ಲಿ ಆಗುತ್ತವೆ, ಪಾಠವೂ ಗಟ್ಟಿಯಾಗುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ತೊಡಕಾಗುವುದು ಗಣಿತವಲ್ಲ, ಪದಗಳು. ಗಣಕ್ಕೆ ಸೆಟ್, ಶ್ರೇಢಿಗೆ ಪ್ರೊಗ್ರೆಷನ್, ಸದಿಶಕ್ಕೆ ವೆಕ್ಟರ್, ಸಂಭವನೀಯತೆಗೆ ಪ್ರಾಬಬಿಲಿಟಿ ಎಂದು ಪಾಠಯೋಜನೆ ಪುಸ್ತಕದ ಕೊನೆಯ ಹಾಳೆಯಲ್ಲಿ ಜೋಡಿಪದಗಳ ಪಟ್ಟಿ ಬೆಳೆಸುತ್ತ ಹೋದರೆ ವರ್ಷದ ಕೊನೆಗೆ ಆ ತೊಡಕು ಉಳಿಯುವುದಿಲ್ಲ.

ಗೇಟ್ ಪರೀಕ್ಷೆಯ ಬಗ್ಗೆ ಒಂದು ಎಚ್ಚರ. ಪದವಿ ಮುಗಿಸಿದ ಯಾರಾದರೂ ಗೇಟ್ ಬರೆಯಬಹುದು, ಬಿ.ಎಸ್ಸಿ.ಯವರೂ ಬರೆಯಬಹುದು. ಆದರೆ ಬರೆಯುವ ಅರ್ಹತೆ ಬೇರೆ, ಎಂ.ಟೆಕ್. ಸೀಟಿನ ಅರ್ಹತೆ ಬೇರೆ. ಎಂ.ಟೆಕ್.ಗೆ ಸಾಮಾನ್ಯವಾಗಿ ಬಿ.ಇ., ಇಲ್ಲವೇ ಎಂ.ಎಸ್ಸಿ. ಅಥವಾ ಎಂ.ಸಿ.ಎ. ಕೇಳುತ್ತಾರೆ. ಆದ್ದರಿಂದ ನಮ್ಮವರಿಗೆ ಅದು ಎಂ.ಸಿ.ಎ. ಎರಡನೇ ವರ್ಷದಲ್ಲಿ ಯೋಚಿಸುವ ವಿಷಯ. ಅಂಕ ಮೂರು ವರ್ಷ ಊರ್ಜಿತ. ಗೇಟ್ ಮೂಲಕ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವಿದೆ ಎಂಬುದನ್ನು ಮನೆಯವರಿಗೆ ತಿಳಿಸಿದರೆ ಮಾತುಕತೆ ಸುಲಭವಾಗುತ್ತದೆ, ವಿಶೇಷವಾಗಿ "ಇನ್ನೆಷ್ಟು ಓದ್ತಿ" ಎಂಬ ಮಾತು ಕೇಳುವ ಹೆಣ್ಣುಮಕ್ಕಳ ಮನೆಗಳಲ್ಲಿ.

ಈಗ ಕಾಗದಪತ್ರ. ನಮ್ಮ ಭಾಗದಲ್ಲಿ ಸೀಟು ತಪ್ಪುವುದು ರ‍್ಯಾಂಕಿನಿಂದ ಮಾತ್ರವಲ್ಲ, ಇದರಿಂದಲೂ ತಪ್ಪುತ್ತದೆ. ಸಂವಿಧಾನಕ್ಕೆ ಮಾಡಿದ 98ನೇ ತಿದ್ದುಪಡಿಯಿಂದ ಬಂದ 371-ಜೆ ವಿಧಿಯಂತೆ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಭಾಗದಲ್ಲಿ ಶೇ. 8 ಸೀಟುಗಳ ಮೀಸಲಾತಿಯಿದೆ. ಇದಕ್ಕೆ ಸಂಬಂಧಿಸಿದ ರಾಜ್ಯದ ಆದೇಶಗಳು 2013ರಲ್ಲಿ ಹೊರಬಂದವು. ಕೆ.ಇ.ಎ. ಪ್ರಕಟಿಸುವ ಕಟ್-ಆಫ್ ಪಟ್ಟಿಯಲ್ಲಿ ಜಿ.ಎಂ.ಎಚ್., 2ಎ.ಎಚ್. ಎಂದು ಕೊನೆಗೆ 'ಎಚ್' ಸೇರಿಸಿದ ಸಾಲುಗಳು ಇವೇ. ಈ ಸೌಲಭ್ಯಕ್ಕೆ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ಹುಟ್ಟು, ವಾಸ, ತಂದೆ-ತಾಯಿಯ ವಾಸ, ಶಾಲಾ ವ್ಯಾಸಂಗ ಇವುಗಳ ದಾಖಲೆ ಕೇಳುತ್ತಾರೆ. ಅರ್ಜಿ ಕಚೇರಿಯಿಂದ ಕಚೇರಿಗೆ ವರದಿಗಾಗಿ ಹೋಗಿ ಬರುತ್ತದೆ. ಹುಣಸಗಿ ಕಡೆಯ ಹಳ್ಳಿಯಿಂದ ಎರಡು ಮೂರು ಸಲ ಓಡಾಡುವುದೆಂದರೆ ಅಷ್ಟು ದಿನದ ಬೋಧನಾಭ್ಯಾಸವೂ ಹೋಯಿತು, ಬಸ್ ಚಾರ್ಜೂ ಹೋಯಿತು. ಹಾಗಾಗಿ ಪರೀಕ್ಷೆಯ ಅಧಿಸೂಚನೆ ಬಂದ ಮೇಲಲ್ಲ, ಮೂರನೇ ವರ್ಷದ ರಜೆಯಲ್ಲೇ ಇದನ್ನು ಮಾಡಿಸಿಡುವುದು ಒಳ್ಳೆಯದು. ನಿಮ್ಸೆಟ್ ಸೀಟುಗಳಿಗೆ 371-ಜೆ ಅನ್ವಯಿಸುವುದಿಲ್ಲ. ಕಡಗಂಚಿಯ ವಿಚಾರಕ್ಕೆ ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನೇ ನೋಡಬೇಕು.

ಜಾತಿ-ಆದಾಯ ಪ್ರಮಾಣಪತ್ರದಲ್ಲೂ ಒಂದು ಸೂಕ್ಷ್ಮವಿದೆ. ಕೆ.ಇ.ಎ. ಅರ್ಜಿಯಲ್ಲಿ ನಾಡಕಚೇರಿ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಹಾಕಿದರೆ ಸಾಕು, ವಿವರ ತಾನೇ ಬರುತ್ತದೆ. ಅವಧಿ ಮುಗಿದಿದ್ದರೆ ಬರುವುದಿಲ್ಲ. ಆದರೆ ರಾಜ್ಯದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಪಟ್ಟಿ ಮತ್ತು ಕೇಂದ್ರದ ಇತರೆ ಹಿಂದುಳಿದ ವರ್ಗಗಳ ಪಟ್ಟಿ ಒಂದೇ ಅಲ್ಲ. ರಾಜ್ಯದಲ್ಲಿ 3ಬಿ ಇದ್ದವರು ಕೇಂದ್ರದಲ್ಲಿ ಒ.ಬಿ.ಸಿ. ಆಗಿಯೇ ಇರಬೇಕೆಂದಿಲ್ಲ. ಸಿ.ಯು.ಇ.ಟಿ., ನಿಮ್ಸೆಟ್‌ಗೆ ಕೇಂದ್ರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲವೆಂದು ಹೇಳುವ, ಆ ಹಣಕಾಸು ವರ್ಷದ ಪ್ರಮಾಣಪತ್ರವೇ ಬೇಕು. ಇನ್ನು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಪದವಿ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಹೀಗೆ ಮೂರು ಥರ ಇರುವವರು ಪ್ರತಿ ತರಗತಿಯಲ್ಲಿ ಸಿಗುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಇದ್ದಂತೆ ಆಧಾರ್ ತಿದ್ದಿಸುವುದೇ ಸುಲಭದ ದಾರಿ. ನಾವು ಕಲಿಸುವ ಎಂಟನೇ ತರಗತಿಯ ಮಕ್ಕಳಿಗೂ ಇದನ್ನು ಈಗಲೇ ಹೇಳಬಹುದು.

ತಿಂಗಳುಗಳ ಲೆಕ್ಕ ಹೀಗಿದೆ. ಗೇಟ್ ಫೆಬ್ರವರಿಯಲ್ಲಿ, ಅದರ ಅರ್ಜಿ ಹಿಂದಿನ ಮಳೆಗಾಲದಲ್ಲೇ. ಸಿ.ಯು.ಇ.ಟಿ. ಪಿ.ಜಿ. 2024 ಮತ್ತು 2025ರಲ್ಲಿ ಮಾರ್ಚ್‌ನಲ್ಲಿ ನಡೆಯಿತು. ನಿಮ್ಸೆಟ್ ಈಚಿನ ವರ್ಷಗಳಲ್ಲಿ ಜೂನ್‌ನಲ್ಲಿ ನಡೆದಿದೆ. ಪಿ.ಜಿ. ಸಿ.ಇ.ಟಿ. ತಿಂಗಳು ಬದಲಾಗುತ್ತಿರುತ್ತದೆ. ಅಂತಿಮ ಸೆಮಿಸ್ಟರ್ ಫಲಿತಾಂಶಕ್ಕೆ ಕಾಯುತ್ತಿರುವವರೂ ಅರ್ಜಿ ಹಾಕಬಹುದು, ಆದರೆ ಹೇಳಿದ ದಿನಾಂಕದೊಳಗೆ ಅಂಕಪಟ್ಟಿ ಒದಗಿಸಬೇಕಾಗುತ್ತದೆ. ಪರೀಕ್ಷಾ ಕೇಂದ್ರದ ಪಟ್ಟಿಯಲ್ಲಿ ಕಲಬುರಗಿ ಇದ್ದರೆ ಅದನ್ನೇ ಮೊದಲ ಆಯ್ಕೆ ಮಾಡಬೇಕು. ಶಹಾಪುರ, ಸುರಪುರಕ್ಕೆ ರೈಲಿಲ್ಲ. ಯಾದಗಿರಿ ಸ್ಟೇಷನ್ನಿಗೆ ಬಸ್ಸಿನಲ್ಲಿ ಬಂದು ಬೆಳಗಿನ ಪರೀಕ್ಷೆಗೆ ಹೋಗುವುದು ಆಗದ ಮಾತು. ಹಿಂದಿನ ರಾತ್ರಿಯೇ ಅಲ್ಲಿರಬೇಕು. ಬೋಧನಾಭ್ಯಾಸದ ವೇಳಾಪಟ್ಟಿ ಹಾಕುವಾಗ ಈ ದಿನಗಳನ್ನು ಗಮನಿಸಿದರೆ ಉಪಕಾರವಾಗುತ್ತದೆ ಎಂದು ಗುರುಗಳಲ್ಲಿ ವಿನಂತಿ.

ಮೇಲಿನ ಪರೀಕ್ಷೆಗಳಿಗೆ ಬರವಣಿಗೆಯ ಅರ್ಜಿ ಇಲ್ಲ, ರ‍್ಯಾಂಕೇ ಎಲ್ಲ. ಆದರೆ ವಿದೇಶದ ವಿಶ್ವವಿದ್ಯಾಲಯಗಳು, ನಮ್ಮ ದೇಶದಲ್ಲಿ ಸಂಶೋಧನೆ ಪ್ರಧಾನವಾದ ಕೆಲವು ಕೋರ್ಸುಗಳು ಉದ್ದೇಶ ಪತ್ರವನ್ನೂ ಶಿಫಾರಸು ಪತ್ರಗಳನ್ನೂ ಕೇಳುತ್ತವೆ. ಹನ್ನೆರಡರ ಮೇಲೆ ನಾಲ್ಕು ವರ್ಷ ಸೇರಿ ಒಟ್ಟು ಹದಿನಾರು ವರ್ಷದ ಓದು ಇರಬೇಕೆಂದು ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಬಯಸುತ್ತವೆ. ನಾಲ್ಕು ವರ್ಷದ ಸಂಯೋಜಿತ ಬಿ.ಎಸ್ಸಿ. ಬಿ.ಇಡಿ.ಗೆ ಆ ಲೆಕ್ಕ ಸರಿಹೋಗುತ್ತದೆ. ಕೊರತೆಯಾಗುವುದು ಗಣಕ ವಿಜ್ಞಾನದ ವಿಷಯಗಳಲ್ಲಿ: ಡೇಟಾ ಸ್ಟ್ರಕ್ಚರ್, ಡಿಸ್ಕ್ರೀಟ್ ಗಣಿತ, ಆಪರೇಟಿಂಗ್ ಸಿಸ್ಟಮ್. ಇವನ್ನು ಎನ್.ಪಿ.ಟಿ.ಇ.ಎಲ್., ಸ್ವಯಂ ಕೋರ್ಸುಗಳಲ್ಲಿ ಉಚಿತವಾಗಿ ಕಲಿಯಬಹುದು. ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷಾ ಶುಲ್ಕ. ಹಣದ ವಿಚಾರದಲ್ಲಿ, ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆ ಇದೆ ಎಂಬುದು ನಮ್ಮ ಜಿಲ್ಲೆಯಲ್ಲಿ ಹೆಚ್ಚು ಜನರಿಗೆ ತಲುಪಬೇಕು.

ಉದ್ದೇಶ ಪತ್ರ ಎಂದರೆ ನಮ್ಮವರು ಬರೆಯುವುದು ಹೀಗೆ: "ನನಗೆ ಬಾಲ್ಯದಿಂದಲೂ ಕಂಪ್ಯೂಟರ್ ಎಂದರೆ ಅಪಾರ ಆಸಕ್ತಿ. ಇಂದಿನ ಯುಗದಲ್ಲಿ ತಂತ್ರಜ್ಞಾನದ ಪಾತ್ರ ಮಹತ್ತರವಾದುದು. ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಓದಿ ದೇಶಸೇವೆ ಮಾಡಬೇಕೆಂಬ ಹಂಬಲವಿದೆ." ಇದರಲ್ಲಿ ಸುಳ್ಳೇನಿಲ್ಲ, ಆದರೆ ಬರೆದವರು ಯಾರೆಂದು ತಿಳಿಯುವುದಿಲ್ಲ. ಸಾವಿರ ಜನ ಇದನ್ನೇ ಬರೆದಿರುತ್ತಾರೆ. ಪ್ರಶಿಕ್ಷಣಾರ್ಥಿಗಳ ಹತ್ತಿರ ಬೇರೆಯವರಲ್ಲಿ ಇಲ್ಲದ ಒಂದು ಸಾಮಗ್ರಿ ಇದೆ: ಬೋಧನಾಭ್ಯಾಸದ ಪ್ರತಿಫಲನಾತ್ಮಕ ದಿನಚರಿ. ಅದರಿಂದ ಹೀಗೆ ಬರೆಯಬಹುದು: "ಹತ್ತನೇ ತರಗತಿಗೆ 2ರ ವರ್ಗಮೂಲ ಅಭಾಗಲಬ್ಧ ಎಂದು ಕಲಿಸಿದ ಮೇಲೆ, ಹಾಗಾದರೆ ಅದರ ಬೆಲೆ ಎಷ್ಟು ಎಂದು ಮಕ್ಕಳು ಕೇಳಿದರು. ಒಂದು ಅಂದಾಜು ಸಂಖ್ಯೆ ತೆಗೆದುಕೊಂಡು, ಅದರಿಂದ 2ನ್ನು ಭಾಗಿಸಿ, ಎರಡರ ಸರಾಸರಿ ತೆಗೆಯುವ ವಿಧಾನ ತೋರಿಸಿದೆ. 1ರಿಂದ ಆರಂಭಿಸಿ 1.5, ನಂತರ 1.41667, ನಂತರ 1.41422 ಬಂತು. ಮೂರೇ ಹೆಜ್ಜೆಗೆ ಇಷ್ಟು ಹತ್ತಿರ ಹೇಗೆ ಬಂತು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಪೈಥಾನ್‌ನಲ್ಲಿ ಅದನ್ನು ಬರೆದು, ಬೇರೆ ಬೇರೆ ಅಂದಾಜುಗಳಿಂದ ಎಷ್ಟು ಹೆಜ್ಜೆ ಬೇಕೆಂದು ಎಣಿಸಿದೆ." ಇದರಲ್ಲಿ ಆಸಕ್ತಿ ಎಂಬ ಪದವೇ ಇಲ್ಲ. ಓದುವವರಿಗೆ ಅದು ಕಾಣುತ್ತದೆ. ಆದರೆ ಮಾಡದ್ದನ್ನು ಮಾಡಿದೆನೆಂದು ಬರೆಯಬಾರದು. ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ಆ ಪ್ರೋಗ್ರಾಂ ಬಗ್ಗೆ ಬರುತ್ತದೆ.

ಶಿಫಾರಸು ಪತ್ರದ ಮಾತು ಗುರುಗಳಿಗೆ ಸಂಬಂಧಿಸಿದ್ದು, ಸಂಕೋಚದಿಂದಲೇ ಹೇಳುತ್ತೇನೆ. ವಿದ್ಯಾರ್ಥಿಯೇ ಪತ್ರ ಬರೆದು ತಂದು ಸಹಿ ಮಾಡಿಸಿಕೊಳ್ಳುವ ರೂಢಿ ಹಲವು ಕಡೆ ಇದೆ. ವಿದೇಶದ ವಿಶ್ವವಿದ್ಯಾಲಯಗಳಲ್ಲಿ ಪತ್ರವನ್ನು ಉಪನ್ಯಾಸಕರೇ ತಮ್ಮ ಇ-ಮೇಲ್‌ಗೆ ಬಂದ ಕೊಂಡಿಯಿಂದ ನೇರವಾಗಿ ಸಲ್ಲಿಸಬೇಕಾಗುತ್ತದೆ. ಅಲ್ಲಿ ಸಂಸ್ಥೆಯ ಹೆಸರಿನ ಇ-ಮೇಲ್ ಇದ್ದರೆ ಉತ್ತಮ. 'ಪ್ರಾಮಾಣಿಕ, ಪರಿಶ್ರಮಿ, ಸುಸಂಸ್ಕೃತ' ಎಂಬ ಮೂರು ಪದಗಳಿಗಿಂತ, ಈಕೆ ಮಾಡಿದ ಒಂದು ಪಾಠ, ಆ ಪಾಠದಲ್ಲಿ ಬಂದ ಕಷ್ಟವನ್ನು ಬಿಡಿಸಿದ ರೀತಿ, ತರಗತಿಯಲ್ಲಿ ಈಕೆಯ ಸ್ಥಾನ ಇವು ಹೆಚ್ಚು ತೂಗುತ್ತವೆ. ಪಾಠ ವೀಕ್ಷಣೆಯ ಹಾಳೆಯಲ್ಲಿ ಗುರುಗಳು ಬರೆದ ಟಿಪ್ಪಣಿಗಳೇ ಈ ಪತ್ರಕ್ಕೆ ಆಧಾರವಾಗಬಲ್ಲವು. ಆದ್ದರಿಂದ ಪ್ರಶಿಕ್ಷಣಾರ್ಥಿಗಳು ಆ ಹಾಳೆಗಳನ್ನು ಅಂತಿಮ ಪರೀಕ್ಷೆ ಮುಗಿದ ಮೇಲೆ ರದ್ದಿಗೆ ಹಾಕದೆ, ಕೊನೆಯ ದಿನಾಂಕಕ್ಕೆ ಕನಿಷ್ಠ ಒಂದು ತಿಂಗಳ ಮೊದಲು ಅವುಗಳ ಪ್ರತಿ, ಅಂಕಪಟ್ಟಿ, ಉದ್ದೇಶ ಪತ್ರದ ಕರಡು ಮೂರನ್ನೂ ಒಂದು ಕಡತದಲ್ಲಿಟ್ಟು ಗುರುಗಳಿಗೆ ಕೊಡಬೇಕು.

ಇಷ್ಟೆಲ್ಲ ಮಾಡಿದರೆ ಬಿ.ಇಡಿ. ವ್ಯರ್ಥವಾಯಿತಲ್ಲ ಎಂದು ಕೇಳುವವರಿದ್ದಾರೆ. ಪದವಿಪೂರ್ವ ಕಾಲೇಜಿನ ಉಪನ್ಯಾಸಕರ ನೇಮಕಾತಿಯಲ್ಲಿ ಸ್ನಾತಕೋತ್ತರ ಪದವಿಯ ಜೊತೆಗೆ ಬಿ.ಇಡಿ. ಕೇಳಿದ್ದಾರೆ. ಪಿ.ಯು.ಸಿ.ಯಲ್ಲಿ ಗಣಕ ವಿಜ್ಞಾನ ಒಂದು ಐಚ್ಛಿಕ ವಿಷಯ. ಎಂ.ಸಿ.ಎ. ಮಾಡಿದವರಲ್ಲಿ ಬಿ.ಇಡಿ. ಇರುವವರು ವಿರಳ, ಬಿ.ಇಡಿ. ಮಾಡಿದವರಲ್ಲಿ ಎಂ.ಸಿ.ಎ. ಇರುವವರೂ ವಿರಳ. ಯಾವ ಸ್ನಾತಕೋತ್ತರ ಪದವಿಗಳನ್ನು ಆ ವಿಷಯಕ್ಕೆ ಪರಿಗಣಿಸುತ್ತಾರೆ ಎಂಬುದನ್ನು ಆಯಾ ಅಧಿಸೂಚನೆಯಲ್ಲಿ ಓದಿಕೊಳ್ಳಬೇಕು. ಪದವಿ ಕಾಲೇಜಿನ ಕಡೆ ಹೋಗುವವರಿಗೆ ನೆಟ್ ಮತ್ತು ಕೆ-ಸೆಟ್ ಪರೀಕ್ಷೆಗಳಲ್ಲಿ 'ಗಣಕ ವಿಜ್ಞಾನ ಮತ್ತು ಅನ್ವಯಗಳು' ಪ್ರತ್ಯೇಕ ವಿಷಯವಾಗಿಯೇ ಇದೆ. ಅದಕ್ಕೆ ಸಾಮಾನ್ಯ ವರ್ಗದವರಿಗೆ ಸ್ನಾತಕೋತ್ತರದಲ್ಲಿ ಶೇ. 55 ಅಂಕ ಬೇಕು.

ಸೀಟು ಹಂಚಿಕೆಯ ಹೊತ್ತಿಗೆ ಒಂದು ಮಾತು. ಕೆ.ಇ.ಎ. ಆಯ್ಕೆ ಪಟ್ಟಿ ತುಂಬುವಾಗ ಸಿಗಬಹುದಾದ ಕಾಲೇಜನ್ನು ಮೊದಲು, ಬೇಕಾದ ಕಾಲೇಜನ್ನು ಆಮೇಲೆ ಬರೆಯುವವರು ಬಹಳ. ಕ್ರಮ ತಿರುಗಬೇಕು. ಹಂಚಿಕೆ ನಡೆಯುವುದು ಪಟ್ಟಿಯ ಮೇಲಿನಿಂದ. ಮೊದಲನೆಯದು ಸಿಕ್ಕರೆ ಕೆಳಗಿನವನ್ನು ನೋಡುವುದೇ ಇಲ್ಲ. ಕಳೆದ ವರ್ಷದ ಕಟ್-ಆಫ್‌ನಲ್ಲಿ ತಮ್ಮ ವರ್ಗದ 'ಎಚ್' ಸಾಲನ್ನೂ ಸಾಮಾನ್ಯ ಸಾಲನ್ನೂ ಎರಡನ್ನೂ ನೋಡಿ, ನಿಜವಾಗಿ ಓದಬೇಕೆನಿಸಿದ ಕಾಲೇಜನ್ನೇ ಮೇಲೆ ಬರೆದು, ಕಲಬುರಗಿಯ ಸೀಟುಗಳನ್ನು ಅದರ ಕೆಳಗೆ ಇಟ್ಟರೆ ಏನೂ ಕಳೆದುಕೊಂಡಂತಾಗುವುದಿಲ್ಲ.